ಮಾಲಕರ ಕೀಲಿಕೈ

ಹೆಣದ ಸೊಂಟಕ್ಕೆ ಕೈ ಹಾಕಿದ್ದ ವಿರೂಪಾಕ್ಷನ ಮುಂಗೈ ಮೇಲೆ ಅವನ ಚಿಕ್ಕಮ್ಮ ಕಾಡವ್ವ ಫಟ್ಟನೆ ಹೊಡೆದಳು.

“ನಿಮ್ಮವ್ವಗ ಇನ್ನ ವಿಭೂತಿ ಹಚ್ಚಿಲ್ಲ. ಏನ್ ಹುಡಕಾಕ್ಹತ್ತೀಯೋ ಭಾಡ್ಯಾ?”

“ಚಾಳಿನ ಕೀಲಿಕೈ, ಚಿಗವ್ವ.”

ಸತ್ತ ರಾಚವ್ವನನ್ನು ರಿವಾಜಿನಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಅವಳ ಮುಖ ಒರೆಸುತ್ತಿದ್ದ ಮಹಾನಂದಾಳ ಕೈ ನಿಂತಿತು. ಬೈಲಹೊಂಗಲದ ಈ ಚಾಳಿನಲ್ಲಿ ನಾಲ್ಕು ಮನೆ, ಕೊನೆಗೊಂದು ಪುಟ್ಟ ಖೋಲಿ. ಖೋಲಿಯಲ್ಲಿ ಚಾಳಿನ ಮಾಲಕಿ ರಾಚವ್ವ ಇದ್ದು, ರೊಟ್ಟಿ ಬಡಿದು ಮಾರುತ್ತಿದ್ದಳು. ಎರಡನೇ ಮನೆ ಮಹಾನಂದಾಳದು.

ವಿರೂಪಾಕ್ಷ ತಾಯಿಯ ಸೊಂಟದಿಂದ ಸಂಚಿ ಬಿಚ್ಚಿಕೊಂಡೇ ಬಿಟ್ಟ. ಒಳಗೆ ಇದ್ದದ್ದು ಒಂದೇ ಕೀಲಿಕೈ, ಅದೂ ಖೋಲಿಯದು. ಮಗನ ಮುಖ ಕಪ್ಪಿಟ್ಟಿತು. ಕಪ್ಪಿಡದೆ ಇರುತ್ತದೆಯೇ? ತಾಯಿ ಆಸ್ಪತ್ರೆಯಲ್ಲಿ ಉಸಿರಾಡುತ್ತಿರುವಾಗಲೇ ಈ ಪುಣ್ಯಾತ್ಮ ಎಂ.ಕೆ. ಹುಬ್ಬಳ್ಳಿಯಲ್ಲಿ ಕೂತು ಚಾಳಿಗೆ ಗಿರಾಕಿ ಹಿಡಿದು, ಒಂದು ಲಕ್ಷ ಮುಂಗಡ ತೆಗೆದುಕೊಂಡಿದ್ದ. ಆ ಗಿರಾಕಿಯೂ ಮಣ್ಣಿಗೆ ಬಂದು ಅಂಗಳದಲ್ಲಿ ಮೋಟರ್‌ಸೈಕಲ್ಲಿಗೆ ಒರಗಿ ನಿಂತಿದ್ದ.

“ಉಳದ ಮನಿಗಳ ಕೀಲಿಕೈ ಎಲ್ಲಿ ಅದಾವು?”

“ನಮ್ಮ ಕಡೆ ಅದಾವ್ರಿ,” ಎಂದಳು ಮಹಾನಂದಾ. “ಎರಡೆರಡೂ.”

“ಬಾಡಿಗಿ ಮಂದಿ ಎರಡೂ ಇಟ್ಕೊಳ್ಳೋದು ಯಾವೂರ ರಿವಾಜ?”

“ನಾವು ಬಾಡಿಗಿ ಮಂದಿ ಅಲ್ರಿ. ಮನಿಗೆ ಎರಡ ಲಕ್ಷ ಕೊಟ್ಟೇವಿ ನಿಮ್ಮವ್ವಗ.”

“ಕಾಗದ ತೋರಸ್ರಿ. ಇಲ್ಲಾಂದ್ರ ನಾಳಿಗೆ ಖಾಲಿ ಮಾಡ್ರಿ.”

ಕಾಗದ ಎಲ್ಲಿಂದ ತರಬೇಕು? ಇದ್ದರೆ ತಾನೆ! ಗಂಡನಿಲ್ಲದ ಮಹಾನಂದಾಳಿಗೆ ಆ ಎರಡು ಲಕ್ಷ ಬಿಟ್ಟರೆ ಬೇರೆ ಏನೂ ಇರಲಿಲ್ಲ.

*

ಎಂಟು ವರ್ಷದ ಹಿಂದೆ ಚಾಳು ಮಡಿವಾಳೆಪ್ಪನದು. ರಾಚವ್ವ, ಮಹಾನಂದಾ ಎಲ್ಲರೂ ಅವನ ಬಾಡಿಗೆಯವರೇ. ಹನ್ನೆರಡು ಲಕ್ಷಕ್ಕೆ ಮಾರುತ್ತೇನೆ ಎಂದ. ಕೊಳ್ಳುವವರು ಕೆಡವಿ ಅಂಗಡಿ ಕಟ್ಟುವವರು.

ರಾಚವ್ವ ಬ್ಯಾಂಕಿಗೆ ಹೋದಳು. ಆದಾಯದ ದಾಖಲೆ ಕೇಳಿದರೆ ರೊಟ್ಟಿ ಬುಟ್ಟಿ ತೋರಿಸಿದಳು. ಅವರು ನಕ್ಕು ಕಳಿಸಿದರು. ಇವಳು ಬೈದುಕೊಳ್ಳುತ್ತ ಬಂದು ನಾಲ್ಕೂ ಬಾಗಿಲು ಬಡಿದಳು.

“ನನ್ನ ಕಡೆ ನಾಕ ಲಕ್ಷ ಅದಾವು. ನೀವು ಮನಿಗೆ ಎರಡೆರಡ ಹಾಕ್ರಿ, ಚಾಳ ಹಿಡಿಯೂನು. ನಿಮ್ಮ ರೊಕ್ಕ ನನ್ನ ಕಡೆ ಇರೂತನಕ ಬಾಡಿಗಿ ಇಲ್ಲ. ರೊಟ್ಟಿ ಬಡದ ಒಬ್ಬೊಬ್ಬರದ ತೀರಸ್ತೇನಿ, ಆಮ್ಯಾಲ ಬಾಡಿಗಿ ಇಸ್ಕೊತೇನಿ.”

ಮಹಾನಂದಾ ಕೈಯ ಚಿನ್ನದ ಪಾಟಲಿ ಮಾರಿ ಹಣ ತಂದಳು. ಒಂದು ಕಾಗದ ಮಾಡೋಣ ಎಂದದ್ದಕ್ಕೆ ರಾಚವ್ವನಿಗೆ ಸಿಟ್ಟು ಬಂತು.

“ನನ್ನ ಮಾತಿಗೂ ಸ್ಟ್ಯಾಂಪ್ ಬೇಕೇನ?”

ಎಡವಿದ್ದು ಅಲ್ಲೇ. ಮಾತು ಕೊಟ್ಟವಳೇ ಸಾಯುತ್ತಾಳೆಂದು ಆಗ ಯಾರಿಗೂ ಹೊಳೆಯಲಿಲ್ಲ. ಖರೀದಿಯ ದಿನ ಮಡಿವಾಳೆಪ್ಪ ಕೊಟ್ಟ ಕೀಲಿಕೈಗಳನ್ನು ಅವಳು ಅವನ ಎದುರಿಗೇ ಮನೆಗೆ ಎರಡರಂತೆ ಹಂಚಿದಳು.

“ಅಕ್ಕಾ, ಒಂದ ನೀವ ಇಟ್ಕೋರಿ. ಮಾಲಕರ ಕಡೆ ಒಂದ ಇರಬೇಕಲ್ರಿ,” ಎಂದಳು ಮಹಾನಂದಾ.

“ನಿನ್ನ ರೊಕ್ಕ ತೀರಿಸಿದ ದಿನಾ ಇಸ್ಕೊತೇನಿ. ಅಲ್ಲೀತನಕ ನಾನೂ ಬಾಗಲಾ ಬಡದ ಒಳಗ ಬರತೇನಿ.”

ಒಬ್ಬರ ಸಾಲವೂ ತೀರದೆ ಎಂಟು ವರ್ಷ ಹಾಗೇ ಬಂದಳು, ಬಾಗಿಲು ಬಡಿದು.

*

ಹೊತ್ತು ಇಳಿಯುತ್ತಿತ್ತು. ರಾಚವ್ವನನ್ನು ಕೂರಿಸಿ ಒಯ್ಯುವ ವಿಮಾನ ಅಂಗಳದಲ್ಲಿ ಸಿದ್ಧವಾಗಿತ್ತು, ಭಜನೆಯವರು ತಾಳ ಹಿಡಿದು ಕಾಯುತ್ತಿದ್ದರು. ಮಹಾನಂದಾ ಮತ್ತು ಉಳಿದ ಮೂರು ಮನೆಯವರು ತಂತಮ್ಮ ಮನೆಗೆ ಬೀಗ ಹಾಕಿ ಹೊಸ್ತಿಲಿಗೆ ಅಡ್ಡ ಕೂತಿದ್ದರು.

“ಏಳ್ತೀರೋ, ಕೀಲಿ ಒಡಸ್ಲೋ?” ವಿರೂಪಾಕ್ಷ ಕಿರುಚಿದ.

“ಒಡಸಪಾ,” ಎಂದ ಮೊದಲನೇ ಮನೆಯ ಮುದಕಪ್ಪ. “ಮೊದಲ ನನ್ನ ತಲಿ ಒಡಸು.”

ಮಡಿವಾಳೆಪ್ಪ ಕೋಲೂರಿ ಮುಂದೆ ಬಂದ. ಮುದುಕನ ಮಾತೆಂದರೆ ಓಣಿಗೆ ಓಣಿಯೇ ಕೇಳುತ್ತಿತ್ತು.

“ಹೆಣಾ ಇಟಗೊಂಡ ಜಗಳಾ ಮಾಡಬ್ಯಾಡ್ರಿ. ಮಾಲಕರ ಕಡೆ ಒಂದ ಕೀಲಿಕೈ ಇರಬೇಕು, ಅದ ನ್ಯಾಯ. ಕೊಟ್ಟ ಬಿಡ್ರಿ.”

ಮಹಾನಂದಾ ರಾಚವ್ವನ ಮುಖ ನೋಡಿದಳು. ನಂತರ ಎದ್ದಳು.

“ಕೊಡತೇನ್ರೀ ಅಜ್ಜಾ. ಮಣ್ಣಿನ್ಯಾಗ, ಎಲ್ಲಾರ ಮುಂದ, ಮಾಲಕರಿಗೆ ಕೊಡತೇನಿ.”

ವಿರೂಪಾಕ್ಷ ಅಂಗಳದ ಗಿರಾಕಿಗೆ ಕಣ್ಸನ್ನೆ ಮಾಡಿದ. ವಿಮಾನ ಎದ್ದಿತು.

ರುದ್ರಭೂಮಿಯಲ್ಲಿ ತೋಡಿದ ಕುಣಿಯಲ್ಲಿ ರಾಚವ್ವನನ್ನು ಕೂರಿಸಿ, ಅಯ್ಯನವರು ಪತ್ರಿ ಏರಿಸಿದರು. ಮಗ ಮೊದಲ ಹಿಡಿ ಮಣ್ಣು ಹಾಕಿದ. ಹಾಕಿದವನೇ ಅವಸರದಲ್ಲಿ ಕೈ ತೊಳೆದುಕೊಂಡು ಬಂದು ಮಹಾನಂದಾಳ ಮುಂದೆ ಅಂಗೈ ಚಾಚಿದ.

ಅವಳು ಸಂಚಿಯಿಂದ ಒಂದು ಕೀಲಿಕೈ ತೆಗೆದಳು. ಬಗ್ಗಿ ಎರೆಮಣ್ಣು ತೆಗೆದುಕೊಂಡು, ಅದರ ಜೊತೆ ಮುಷ್ಟಿ ಮಾಡಿದಳು. ಚಾಚಿದ ಅಂಗೈ ದಾಟಿ ಕುಣಿಯ ಅಂಚಿಗೆ ಹೋದಳು.

“ಅಕ್ಕಾ, ನಿಮ್ಮ ಕೀಲಿಕೈ ಹಿಡೀರಿ. ಇನ್ನ ಬಾಗಲಾ ಬಡೀಬ್ಯಾಡ್ರಿ. ಸೀದಾ ಒಳಗ ಬರ್ರಿ.”

ಮಣ್ಣಿನೊಂದಿಗೆ ಅದು ರಾಚವ್ವನ ಮಡಿಲಿಗೆ ಬಿತ್ತು.

“ಏ!” ಎಂದ ವಿರೂಪಾಕ್ಷ. ಅಷ್ಟರಲ್ಲಿ ಮುದಕಪ್ಪನೂ ಹಾಕಿದ್ದ. ಉಳಿದಿಬ್ಬರೂ ಹಾಕಿದರು.

ರಸ್ತೆಯ ಕಡೆ ಗಿರಾಕಿಯ ಮೋಟರ್‌ಸೈಕಲ್ ಶುರುವಾಗಿ, ಸದ್ದು ದೂರವಾಯಿತು.

ವಿರೂಪಾಕ್ಷನ ಅಂಗೈ ಇನ್ನೂ ಚಾಚಿಯೇ ಇತ್ತು. ಮಡಿವಾಳೆಪ್ಪ ಕೋಲು ಬದಿಗಿಟ್ಟು ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಅದರಲ್ಲಿ ಹಾಕಿದ.

“ಕೀಲಿಕೈ ಮಾಲಕರಿಗೆ ಮುಟ್ಟೇತಿ. ನಿಮ್ಮವ್ವಗ ಇನ್ನೊಂದ ಹಿಡಿ ಹಾಕಪಾ,” ಎಂದ.