ನುಂಗಿದ ಎರಡು ಪೆಟ್ಟು

ಡಾನ್ ಫೆರ್ಮಿನ್ ಅವರ ಬೆರಳುಗಳು ಪಿಯಾನೊ ಮೇಲೆ ಇಳಿದ ಕೂಡಲೇ ವಿದಾಲ್‌ಗೆ ಗೊತ್ತಾಯಿತು, ಮೇಷ್ಟ್ರು ತಪ್ಪು ಕಡೆಯಿಂದ ಹೊರಟಿದ್ದಾರೆ ಎಂದು. ಅವನ ಕೈಯಲ್ಲಿ ತಾಳ ಹಿಡಿಯುವ ಕ್ಲಾವೆಯ ಜೋಡಿ ಕೋಲುಗಳಿದ್ದವು. ತಾಳದ ಸುತ್ತಿನಲ್ಲಿ ಒಂದು ಮಗ್ಗುಲಿಗೆ ಮೂರು ಪೆಟ್ಟು, ಇನ್ನೊಂದಕ್ಕೆ ಎರಡು. ಹಾಡು ಮುಗಿಯುವವರೆಗೂ ಅದು ಹಾಗೆಯೇ ಸುತ್ತಬೇಕು, ಉಳಿದ ವಾದ್ಯಗಳೆಲ್ಲ ಅದರ ಮೇಲೆ ಕೂರಬೇಕು. ಮೇಷ್ಟ್ರ ಪಿಯಾನೊ ಎರಡರ ಜಾಗದಲ್ಲಿ ಮೂರನ್ನು ಇಟ್ಟುಕೊಂಡು ಖುಷಿಯಾಗಿ ಸಾಗುತ್ತಿತ್ತು.

ದ್ವೀಪವೊಂದರಿಂದ ಬಂದು ನೆಲೆಸಿದವರ ಕೇರಿಯಾದ ಎಲ್ ಬಾರ್ರಿಯೊದ ಚರ್ಚಿನ ಸಭಾಂಗಣಕ್ಕೆ ಅಂದು ಮೇಷ್ಟ್ರ ಹೆಸರಿಡುವ ಸಮಾರಂಭ. ಜಾಜ್‌ನ ಕಹಳೆಗಳ ಪಕ್ಕದಲ್ಲಿ ಆ ದ್ವೀಪದ ಡೋಲುಗಳನ್ನು ತಂದು ಕೂರಿಸಿದವರಲ್ಲಿ ಅವರೇ ಮೊದಲಿಗರು ಎಂದು ಈ ಬೀದಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈಗ ಎಂಬತ್ತು ದಾಟಿದೆ, ಚಳಿಗಾಲದಲ್ಲಿ ಲಕ್ವ ಹೊಡೆದು ಎದ್ದವರು. ಕ್ಲಾವೆಯ ಮೂರು-ಎರಡರ ಸರದಿಯನ್ನು ಯಾರಿಗೋಸ್ಕರವೂ ತಿರುಗಿಸಬಾರದು, ತಪ್ಪಿದವನೇ ಒಂದು ಮಗ್ಗುಲು ಹಾರಿ ಬಂದು ಸೇರಿಕೊಳ್ಳಬೇಕು ಎಂದು ವಿದಾಲ್‌ಗೆ ಕಲಿಸಿದವರು ಅವರೇ. ಹಿಂದೊಮ್ಮೆ ಹೆಸರಾಂತ ಕಹಳೆಗಾರನೊಬ್ಬ ತಪ್ಪಿದಾಗ ಮೇಳವನ್ನೇ ನಿಲ್ಲಿಸಿ, ಕುಣಿಯುವವರೆಲ್ಲರ ಎದುರಿಗೆ ಮಗುವಿಗೆ ಹೇಳಿಕೊಡುವ ಹಾಗೆ ಎಣಿಸಿ ತೋರಿಸಿದ್ದರು.

ಮುಂದಿನ ಸಾಲಿನಲ್ಲಿ ಹಳೆಯ ವಾದಕರೇ ಹೆಚ್ಚು. ಒಬ್ಬಿಬ್ಬರು ಆಗಲೇ ಹುಬ್ಬು ಗಂಟಿಕ್ಕಿದ್ದರು. ವಿದಾಲ್‌ಗೆ ಅದು ನೋಡಲಾಗಲಿಲ್ಲ. ಒಂದೇ ಒಂದು ಸಲ ಆ ಎರಡು ಪೆಟ್ಟನ್ನು ಹೊಡೆಯದೆ ನುಂಗಿ, ಮತ್ತೆ ಮೂರರಿಂದ ಹಿಡಿದ. ಡೋಲುಗಳೂ ಅವನನ್ನು ನಂಬಿ ತಿರುಗಿದವು. ಪಿಯಾನೊ ಸರಿಹೋಯಿತು.

ಡಾನ್ ಫೆರ್ಮಿನ್ ತಲೆಯೆತ್ತಿ ಅವನ ಕೋಲುಗಳನ್ನು ನೋಡಿದರು. ಹಾಡು ಮುಗಿಸಿದರು, ಹೂಗುಚ್ಛ ಈಸಿಕೊಂಡರು, ಜನಕ್ಕೆಲ್ಲ ಕೈಬೀಸಿದರು. ಕಾರಿನಲ್ಲಿ ಕೂತ ಮೇಲೆ ಕೇಳಿದರು.

"ತಿರುಗಿಸಿದೆ ಅಲ್ವಾ?"

ವಿದಾಲ್ ಕಾರು ಹೊರಡಿಸಿದ.

"ಇನ್ನೊಂದ್ ಸುತ್ತು ಬಿಟ್ಟಿದ್ರೆ ನಾನೇ ಹಾರ್ತಿದ್ದೆ ಕಣೋ. ನೀನು ಬಿಡ್ಲಿಲ್ಲ."

ಹಾರುತ್ತಿದ್ದರೋ ಇಲ್ಲವೋ ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ನಾಲ್ಕು ಜನರ ಮುಂದೆ ಮೇಷ್ಟ್ರ ಮಾನ ಉಳಿಸಿದೆ ಎಂದು ಬೀಗುತ್ತಿದ್ದವನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಮುದುಕರಾದರು ಎಂದು ಅವರ ಮುಖಕ್ಕೇ ಹೇಳಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ.

ಪ್ರತಿ ಭಾನುವಾರ ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದವನು ಹೋಗುವುದನ್ನೇ ಬಿಟ್ಟ. ಕೊನೆಗೆ ಅವರ ಹೆಂಡತಿ ಒಬ್ದುಲಿಯಾ ಫೋನ್ ಮಾಡಿ ಚೆನ್ನಾಗಿ ಬೈದಳು. ನಿಮ್ಮ ಗಂಡಸರ ಮುನಿಸಿಗೆ ನನ್ನ ತೊಗರಿಕಾಳಿನ ಅನ್ನ ಯಾಕೆ ಹಳಸಬೇಕು ಎಂದಳು. ಆಮೇಲೆ ದನಿ ತಗ್ಗಿಸಿ, ಅವತ್ತಿನಿಂದ ಅವರು ಪಿಯಾನೊ ಮುಟ್ಟಿಲ್ಲ ಎಂದೂ ಹೇಳಿದಳು.

ಆ ಭಾನುವಾರ ಊಟವಾದ ಮೇಲೆ ವಿದಾಲ್ ತಾನೇ ಪಿಯಾನೊದ ಮುಚ್ಚಳ ತೆಗೆದಿಟ್ಟ. ತಪ್ಪಾಯಿತು ಎಂದು ಹೇಳಬೇಕೆಂದೇ ಬಂದಿದ್ದ. ಅದರ ಬದಲು ಕೋಲು ತೆಗೆದು ಮೂರು, ಎರಡು ಹೊಡೆಯತೊಡಗಿದ. ಡಾನ್ ಫೆರ್ಮಿನ್ ಬಹಳ ಹೊತ್ತು ಕೇಳುತ್ತಾ ಕೂತಿದ್ದು, ಎದ್ದು ಬಂದು ಕೈಯಿಟ್ಟರು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ವಿದಾಲ್‌ನ ಕಣ್ಣು ತುಂಬಿ ಬಂತು.

"ಸರಿ ಇದೀನಾ?"

"ಸರಿ ಇದೀರಾ ಮೇಷ್ಟ್ರೇ. ನನ್ನಮ್ಮನ ಆಣೆ."

ಅವರು ನುಡಿಸುತ್ತಲೇ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

"ಒಬ್ದುಲಿಯಾ, ಬಾರೇ ಇಲ್ಲಿ. ಸ್ವಲ್ಪ ಕುಣಿ. ಕುಣಿಯೋ ಕಾಲು ಯಾರ ಮುಲಾಜಿಗೂ ತಿರುಗಲ್ಲ."

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು, ಈ ವಯಸ್ಸಿಗೆ ಇದೊಂದು ಬಾಕಿಯಿತ್ತು ಎಂದು ಗೊಣಗಿ ಮನೆಚಪ್ಪಲಿಯಲ್ಲೇ ಹೆಜ್ಜೆ ಹಾಕತೊಡಗಿದಳು. ಡಾನ್ ಫೆರ್ಮಿನ್ ಕತ್ತು ಬಗ್ಗಿಸಿ ಅವಳ ಪಾದಗಳನ್ನೇ ನೋಡುತ್ತಾ ನುಡಿಸಿದರು. ವಿದಾಲ್ ಕೋಲು ಹೊಡೆಯುತ್ತಲೇ ಇದ್ದ. ಅವರು ಅವನ ಕಡೆ ತಿರುಗಲಿಲ್ಲ.