ಅಲುಗದ ಮುಳ್ಳು

ಅಂಗೈ ಹುಣ್ಣಿಗೆ ಕನ್ನಡಿ ಬೇಕು, ಅದೂ ಗೋಡೆಯಗಲದ ಕನ್ನಡಿಯೇ ಬೇಕು. ಗಾದೆ ಹಾಗಲ್ಲ ಎಂದು ತಿದ್ದಲು ಬರುವವರು ಸ್ವಲ್ಪ ತಡೆದುಕೊಳ್ಳಬೇಕು. ಈ ಕಥೆಯ ಯಜಮಾನರು ಗಾದೆಯನ್ನು ಹೀಗೆಯೇ ಬದುಕಿದವರು. ಇದು ನಡೆದ ಕಥೆ. ಕಟ್ಟಿದ್ದಾಗಿದ್ದರೆ ಇದಕ್ಕಿಂತ ಮರ್ಯಾದಸ್ಥ ಮುಕ್ತಾಯ ಸಿಗುತ್ತಿತ್ತು.

ಯಜಮಾನರದು ಗೊಂಬೆಚಿತ್ರ ತಯಾರಿಸುವ ಸ್ಟುಡಿಯೊ. ಮಾತಾಡುವ ಸೋಪು, ಕುಣಿಯುವ ಬ್ರಷ್ಷು, ಬಿಕ್ಕಿಬಿಕ್ಕಿ ಅಳುವ ಹುಳುಕು ಹಲ್ಲು, ಹೀಗೆ ಜಾಹೀರಾತಿಗೆ ಬೇಕಾದ ಸಕಲ ಜೀವರಾಶಿಯೂ ಅಲ್ಲಿ ಹುಟ್ಟುತ್ತಿತ್ತು. ಕಲಾವಿದರು ಬರೆದುಕೊಟ್ಟದ್ದನ್ನು ಓಡಾಡುವ ಚಿತ್ರವಾಗಿ ಬೇಯಿಸಿಕೊಡುವುದು ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಂತ ಕಂಪ್ಯೂಟರುಗಳ ಕೆಲಸ. ಬೇಯಿಸುವವರು ತಾವೂ ಬೇಯುತ್ತಾರೆ ಎಂಬುದು ಅಡುಗೆಮನೆಯ ನಿಯಮ. ಮಷಿನ್ನುಗಳಿಗೂ ಅದೇ ನಿಯಮ. ಅವು ಬೆಂದು ಹೋಗದಂತೆ ಕಾಯುವುದು ಭಾವನ ಕೆಲಸ.

ಭಾವ ಎಂದರೆ ನಕಲಿಯ ಅಕ್ಕನ ಗಂಡ. ನಕಲಿ ಎಂದರೆ ಅದೇ ಸ್ಟುಡಿಯೊದಲ್ಲಿ ಸೋಪಿಗೂ ಹಲ್ಲಿಗೂ ದನಿ ಕೊಡುವವನು. ಸಿಕ್ಕವರ ದನಿಯನ್ನೆಲ್ಲ ಗಂಟಲಲ್ಲಿ ಇಳಿಸಿಕೊಳ್ಳುವ ಅವನಿಗೆ ಆ ಹೆಸರು ತಾನಾಗಿ ಅಂಟಿತ್ತು. ಯಜಮಾನರ ಗೊಗ್ಗರು ದನಿ ತೆಗೆದು ಒಮ್ಮೆ ಇಡೀ ಆಫೀಸಿಗೆ ಮಧ್ಯಾಹ್ನವೇ ರಜೆ ಘೋಷಿಸಿದ್ದ. ಆ ಸಲ ಕೆಲಸ ಉಳಿಸಿಕೊಟ್ಟವರು ಭಾವ. ಕೆಲಸ ಕೊಡಿಸಿದವರೂ ಅವರೇ. ಇರುವ ಕೋಣೆ, ಉಣ್ಣುವ ತಟ್ಟೆ ಎರಡೂ ಅವರ ಮನೆಯವೇ.

ಭಾವನಿಗೆ ಆಫೀಸಿನಲ್ಲಿ ‘ಡಿಗ್ರಿ ಸಾರ್’ ಎಂದು ಹೆಸರು. ಕಾಲೇಜಿನಲ್ಲಿ ಒಂದೇ ಡಿಗ್ರಿ ಪಡೆದ ಮನುಷ್ಯ ಈಗ ದಿನವಿಡೀ ಡಿಗ್ರಿ ಎಣಿಸುತ್ತಾರೆ ಎಂಬುದು ನಕಲಿಯ ವ್ಯಾಖ್ಯಾನ. ಯಾವ ಮಷಿನ್ ಎಷ್ಟು ಬಿಸಿಯಾಗಿದೆ, ಯಾವುದರ ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತೋರಿಸುವ ಪ್ಯಾನೆಲ್ಲೊಂದನ್ನು ಅವರು ತಾವೇ ಬಿಡಿಸಿದ್ದರು. ಒಂದೊಂದು ಮಷಿನ್ನಿಗೆ ಒಂದೊಂದು ದುಂಡು ಮೀಟರು: ಬಿಳಿ ಮುಖ, ಕಪ್ಪು ಗೀಟು, ಕೆಂಪು ಮುಳ್ಳು. ಪ್ರತಿ ಮೀಟರಿನ ಮೂಲೆಯಲ್ಲಿ ಮಿಣುಕುವ ಒಂದು ಹಸಿರು ಚುಕ್ಕಿ. ಚುಕ್ಕಿ ಮಿಣುಕುತ್ತಿದ್ದರೆ ಲೆಕ್ಕ ತಾಜಾ; ನಿಂತಿತೋ, ಮುಳ್ಳು ಹೇಳುವುದು ಹಳೇ ಸುದ್ದಿ.

ಹೀಗಿರುವಾಗ ಯಜಮಾನರು ಮುಂದಿನ ಹಾಲಿನಲ್ಲಿ, ಬರುವವರ ಕಣ್ಣಿಗೆ ಮೊದಲು ಬೀಳುವಂತೆ, ಗೋಡೆಯಗಲದ ಹೊಸ ಪರದೆ ಹಾಕಿಸಿದರು. ಮಷಿನ್ ಕೋಣೆಯ ಹಳೇ ಪರದೆಯನ್ನು ಕೀಳಿಸಿ ಮನೆಗೆ ಒಯ್ದರು. ಭಾವನ ಪ್ಯಾನೆಲ್ಲನ್ನು ಹೊಸದಕ್ಕೆ ಹಾಕಿದ್ದೇ ತಡ, ಅದು ಕುಗ್ಗಿ ಮೇಲ್ಮೂಲೆಗೆ ಹೋಗಿ ಕೂತುಬಿಟ್ಟಿತು, ಲಕೋಟೆಯ ಮೇಲಿನ ಅಂಚೆಚೀಟಿಯ ಹಾಗೆ.

"ಏನ್ರೀ ಇದು," ಎಂದರು ಯಜಮಾನರು. "ಇಷ್ಟು ದೊಡ್ಡ ಮನೆ ಕಟ್ಟಿಸಿದೀನಿ, ನಿಮ್ಮ ಪ್ಯಾನೆಲ್ಲು ಬಾಡಿಗೆಯವನ ಥರ ಮೂಲೆ ಹಿಡಿದಿದೆಯಲ್ಲ."

"ಸಾರ್, ಪ್ರತಿ ಮೀಟರಿಗೂ ನಾನು ಪರದೆಯ ಚುಕ್ಕಿ, ಅಂದ್ರೆ ಪಿಕ್ಸೆಲ್, ಲೆಕ್ಕದಲ್ಲಿ ಜಾಗ ಕೊಟ್ಟಿದ್ದು. ಎಡಗಡೆಯಿಂದ ಇಷ್ಟು ಚುಕ್ಕಿ, ಮೇಲಿಂದ ಇಷ್ಟು ಅಂತ. ಈ ಪರದೇಲಿ ಚುಕ್ಕಿಗಳು ಸಾಸಿವೆಗಿಂತ ಸಣ್ಣ, ಒತ್ತೊತ್ತಾಗಿವೆ. ಲೆಕ್ಕ ಅದೇ, ಜಾಗ ಕಮ್ಮಿ."

"ಹಿಗ್ಗಿಸಿ ಮತ್ತೆ."

"ಸುಮ್ನೆ ಹಿಗ್ಗಿಸಿದ್ರೆ ಕನ್ನಡಕ ಮರೆತು ಬಂದವರಿಗೆ ಕಂಡ ಹಾಗೆ ಕಾಣತ್ತೆ ಸಾರ್. ಎಲ್ಲಾನೂ ಮತ್ತೆ ಬಿಡಿಸಬೇಕು."

"ಬಿಡಿಸಿ. ದೊಡ್ಡ ಪಾರ್ಟಿಯೋರು ಸ್ಟುಡಿಯೊ ನೋಡೋಕೆ ಬರ್ತಿದಾರೆ. ಅವರಿಗೆ ಇದು ಹಿಡಿಸಿದ್ರೆ ನೀವು ಇಲ್ಲೇ. ಮಷಿನ್ ನೋಡ್ಕೊಳ್ತೀವಿ ಅಂತ ಹೊರಗಿನ ಕಂಪನಿಯೊಂದು ದಿನಾ ಬಾಗಿಲು ತಟ್ತಾ ಇದೆ, ಗೊತ್ತಲ್ಲ. ದೂರದಲ್ಲೇ ಕೂತು ನೋಡ್ತಾರಂತೆ. ಆದ್ರೆ ಅವರ ಹತ್ರ ಗೋಡೆ ಮೇಲೆ ತೋರಿಸೋಕೆ ಏನೂ ಇಲ್ಲ. ನಿಮ್ಮ ಹತ್ರ ಇದೆ. ಅಷ್ಟೇ ವ್ಯತ್ಯಾಸ."

ಅಷ್ಟೇ ವ್ಯತ್ಯಾಸದ ಮೇಲೆ ಭಾವನ ಮನೆ ನಿಂತಿತ್ತು. ಆ ವಯಸ್ಸಿಗೆ, ಆ ಸಿಡುಕಿಗೆ ಇನ್ನೊಂದು ಕಡೆ ಕುರ್ಚಿ ಸಿಗುವುದಿಲ್ಲ ಎಂದು ಅಕ್ಕನಿಗೂ ಗೊತ್ತಿತ್ತು, ನಕಲಿಗೂ ಗೊತ್ತಿತ್ತು.

ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ಅಕ್ಷರಗಳನ್ನು ದುಪ್ಪಟ್ಟು ಮಾಡಿದರೆ ಅವು ಮೀಟರಿನ ಹೊಟ್ಟೆಯಿಂದ ಜಾರಿ ಕೆಳಗೆ ಕೂರುತ್ತಿದ್ದವು. ಮುಳ್ಳನ್ನು ಹಿಗ್ಗಿಸಿದರೆ ದೊಣ್ಣೆಯಾಗುತ್ತಿತ್ತು, ಹಾಗೇ ಬಿಟ್ಟರೆ ಕೂದಲಾಗುತ್ತಿತ್ತು. ತಣ್ಣಗಿನಿಂದ ಬಿಸಿಯವರೆಗೆ ಮುಳ್ಳು ನಿಲ್ಲಬಹುದಾದ ಪ್ರತಿ ಜಾಗಕ್ಕೂ ಒಂದೊಂದು ಬೇರೆ ಚಿತ್ರ. ಒಂದು ಚಿತ್ರದಲ್ಲಿ ಮೀಟರಿನ ನಡು ಒಂದೇ ಚುಕ್ಕಿ ಆಚೆಗೆ ಹೋದರೂ ಮುಳ್ಳು ಕುಡಿದವನಂತೆ ತೂರಾಡುತ್ತಿತ್ತು. ಊಟದ ತಟ್ಟೆಯ ಮುಂದೆಯೂ ಅವರ ಬೆರಳು ಮೇಜಿನ ಮೇಲೆ ಕಮಾನು ಎಳೆಯುತ್ತಿತ್ತು. "ತಿನ್ನೋ ಅನ್ನ ಎಷ್ಟು ಡಿಗ್ರಿ ಅಂತಾನಾದ್ರೂ ಗೊತ್ತಾಗ್ತಿದೆಯಾ ನಿಮಗೆ?" ಎಂದು ಅಕ್ಕ ಕೇಳುತ್ತಿದ್ದಳು.

ಮುಗಿದ ಪ್ಯಾನೆಲ್ಲು ಕಂಡು ನಕಲಿಯೂ ತಲೆದೂಗಿದ. ಗೋಡೆಯ ತುಂಬ ಮೀಟರುಗಳು, ತೊಳೆದಿಟ್ಟ ತಟ್ಟೆಗಳಂತೆ. ಯಜಮಾನರು ಮಾತ್ರ ಹುಬ್ಬು ಗಂಟಿಕ್ಕಿದರು.

"ಈ ಮಿಣಮಿಣ ಏನು? ಬಸ್ಸು ಎಡಕ್ಕೆ ತಿರುಗೋ ಹಾಗಿದೆ."

"ಅದು ನಾಡಿ ಸಾರ್. ಪ್ಯಾನೆಲ್ಲು ಬದುಕಿದೆ ಅಂತ ಗುರುತು."

"ನಾಡಿ ನೋಡೋಕೆ ಬರೋರು ಡಾಕ್ಟರಲ್ಲ. ತೆಗೀರಿ."

ಭಾವ ತೆಗೆದರು. ತೆಗೆಯುವಾಗ ಅವರ ಮುಖವನ್ನು ನಕಲಿ ನೋಡಿದ್ದ. ಆ ಮುಖ ನೆನಪಿಟ್ಟುಕೊಂಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಊಟದ ಮೇಜಿನಲ್ಲಿ ಅವನು ಭಾವನ ದನಿಯಲ್ಲಿ ‘ಅದು ನಾಡಿ ಸಾರ್’ ಎಂದು ರಾಗ ಎಳೆದು ಎಲ್ಲರನ್ನೂ ನಗಿಸಿದ. ಹಿಂದೆಯೇ ಭಾವ ನಿಂತಿದ್ದರು.

"ಎಲ್ಲರ ದನೀನೂ ಬರತ್ತೆ ನಿನಗೆ," ಎಂದರು, ಸಿಟ್ಟಿಲ್ಲದೆ, ಅದೇ ಚುಚ್ಚಿದ್ದು. "ನಿನ್ನದು ಅಂತ ಒಂದಿದ್ರೆ ಯಾವತ್ತಾದ್ರೂ ಕೇಳಿಸಪ್ಪ. ನಿಮ್ಮಕ್ಕನೂ ಕಾಯ್ತಾ ಇದಾಳೆ."

ಈ ಸಲ ಮೇಜು ನಕ್ಕಿದ್ದು ನಕಲಿಯನ್ನು ನೋಡಿ.

ಅತಿಥಿಗಳು ಮಧ್ಯಾಹ್ನದ ಮೇಲೆ ಬರುವ ದಿನ ಬಂತು. ಬೆಳಗ್ಗೆ, ಮಷಿನ್ನುಗಳು ಇನ್ನೂ ಆಕಳಿಸುತ್ತಿದ್ದ ಹೊತ್ತಿಗೆ ನಕಲಿ ಬಂದು ಪ್ಯಾನೆಲ್ಲಿನದೊಂದು ಫೋಟೊ ತೆಗೆದುಕೊಂಡ. ಕ್ಯಾಮೆರಾದಿಂದಲ್ಲ, ಪರದೆಯೇ ತನ್ನನ್ನು ತಾನು ತೆಗೆದುಕೊಳ್ಳುವ ಫೋಟೊ. ಅದನ್ನೇ ಪರದೆಯ ತುಂಬ ಹರಡಿ ನಿಜವಾದ ಪ್ಯಾನೆಲ್ಲನ್ನು ಮುಚ್ಚಿದ. ಎಲ್ಲ ಮುಳ್ಳುಗಳೂ ತಣ್ಣಗೆ ಎಡಕ್ಕೆ ಮಲಗಿದ ಚಿತ್ರ. ಮಿಣುಕುವ ಚುಕ್ಕಿಯೂ ಇಲ್ಲದ ಮೇಲೆ ಹೆತ್ತ ತಾಯಿಗೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ.

"ಭಾವ ಎಷ್ಟು ಹೊತ್ತು ನಿಂತು ನೋಡ್ತಾರೆ ಅಂತೀರಿ?" ಎಂದು ಪಕ್ಕದ ಕೋಣೆಯ ಕತ್ತರಿ ಮೇಡಂ ಅನ್ನು ಕೇಳಿದ. ಚಿತ್ರ ಕತ್ತರಿಸಿ ಜೋಡಿಸುವುದು ಆಕೆಯ ಕೆಲಸ.

"ಪಾಪ ಕಣೋ," ಎಂದಳಾಕೆ, ಕುರ್ಚಿಯನ್ನು ಹಾಲು ಕಾಣುವ ಕಡೆ ತಿರುಗಿಸಿಕೊಳ್ಳುತ್ತ. "ಅತಿಥಿಗಳು ಬರೋ ಮುಂಚೆ ತೆಗೆದುಬಿಡು."

"ಊಟಕ್ಕೆ ಮುಂಚೆ ತೆಗೀತೀನಿ."

ಭಾವ ಬಂದರು. ಕೆಲಸ ಶುರುವಾಯಿತು, ಮಷಿನ್ನುಗಳು ದುಡಿಯತೊಡಗಿದವು. ಅವರು ಗೋಡೆಯ ಮುಂದೆ ಕೈಕಟ್ಟಿ ನಿಂತರು. ತಲೆ ಓರೆ ಮಾಡಿದರು. ಹತ್ತಿರ ಹೋಗಿ ನಾಲ್ಕನೇ ಮೀಟರಿನ ಜಾಗದಲ್ಲಿ ಪರದೆ ಒರೆಸಿದರು. ಸದಾ ತಂಟೆ ಮಾಡುವ ನಾಲ್ಕನೆಯದು ಇವತ್ತು ಮಗುವಿನಂತೆ ಮಲಗಿತ್ತು. ಅವರ ಮುಖದಲ್ಲಿ ಮೂಡಿದ ನಗೆಯನ್ನು ಕಂಡು ನಕಲಿಗೆ ಆಟ ಇನ್ನಷ್ಟು ರುಚಿಸಿತು. ಪಕ್ಕದ ಕೋಣೆಯಿಂದ ಹಾಲಿನ ಫೋನಿಗೆ ಕರೆ ಮಾಡಿ ಯಜಮಾನರ ದನಿ ತೆಗೆದ.

"ಏನ್ರೀ, ಮುಳ್ಳು ಅಲುಗ್ತಾನೇ ಇಲ್ಲವಂತೆ. ಅಷ್ಟು ತಣ್ಣಗಾ?"

"ಹೌದು ಸಾರ್," ಎಂದರು ಭಾವ. ಹಿಂದೆಯೇ ಸೇರಿಸಿದರು, "ಗಾಳಿ ಹೋಗೋ ದಾರಿ ಸ್ವಲ್ಪ ಸರಿಮಾಡಿದೆ. ನಿಮಗೆ ಹೇಳಿರ್ಲಿಲ್ಲ."

ಯಾವ ದಾರಿಯನ್ನೂ ಸರಿಮಾಡಿರಲಿಲ್ಲ. ಫೋನಿಟ್ಟ ನಕಲಿ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಕತ್ತರಿ ಮೇಡಂ ಕಣ್ಣೊರೆಸಿಕೊಳ್ಳುತ್ತ, "ಇನ್ನು ಸಾಕು ತೆಗಿ," ಎಂದಳು.

ತೆಗೆಯಲೆಂದೇ ಅವನು ಎದ್ದ. ಅಷ್ಟರಲ್ಲಿ ಮುಂಬಾಗಿಲು ತೆರೆದು ಯಜಮಾನರು ಬಂದರು, ಹಿಂದೆಯೇ ಅತಿಥಿಗಳು, ಹೇಳಿದ ಹೊತ್ತಿಗಿಂತ ಎಷ್ಟೋ ಮುಂಚೆ. ಕೀಲಿಮಣೆ ಇದ್ದದ್ದು ಗೋಡೆಯ ಕೆಳಗಿನ ಮೇಜಿನ ಮೇಲೆ, ಈಗ ಅತಿಥಿಗಳ ಮೊಣಕೈಯ ಪಕ್ಕದಲ್ಲಿ. ನಕಲಿ ಬಾಗಿಲ ಹತ್ತಿರವೇ ನಿಂತುಬಿಟ್ಟ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಗತಿ.

ಯಜಮಾನರ ವಿವರಣೆ ಸಾಗಿತು. ಸಾಗುತ್ತಿದ್ದಂತೆ ಹಿಂದಿನ ಕೋಣೆಯಿಂದ ಫ್ಯಾನಿನ ಸದ್ದು ಏರಿತು. ಮೊದಲು ಗುಂಯ್ ಎಂದಿತು, ಆಮೇಲೆ ಊಳಿಟ್ಟಿತು. ಭಾವನ ಕಿವಿ ನೆಟ್ಟಗಾಯಿತು. ನಾಲ್ಕನೆಯದರ ದನಿ ಅದು, ಅವರಿಗೆ ಗುರುತಿಲ್ಲದ ದನಿಯೇನಲ್ಲ. ಗೋಡೆ ನೋಡಿದರು. ನಾಲ್ಕನೆಯ ಮುಳ್ಳು ಎಡಕ್ಕೆ ಮಲಗಿತ್ತು. ಮತ್ತೆ ಕೋಣೆಯ ಕಡೆ ನೋಡಿದರು. ಆಮೇಲೆ ನಿಧಾನವಾಗಿ ತಿರುಗಿ ನಕಲಿಯನ್ನು ನೋಡಿದರು. ಅವನ ಕೈಯಲ್ಲಿ ಇನ್ನೂ ಆ ಕರವಸ್ತ್ರವಿತ್ತು.

"ಇಷ್ಟು ಮಷಿನ್ ಓಡ್ತಾ ಇದ್ರೂ ಮುಳ್ಳು ಕದಲೋದೇ ಇಲ್ವಲ್ಲ," ಎಂದರು ಅತಿಥಿಗಳಲ್ಲಿ ಹಿರಿಯರು. "ಹೇಗೆ ಇದು?"

ಎಲ್ಲರೂ ಭಾವನ ಕಡೆ ತಿರುಗಿದರು. ಬಾಯಿ ಬಿಟ್ಟರೆ ಕೆಲಸ ಹೋಯಿತು, ಬಿಡದಿದ್ದರೆ ಮಷಿನ್ ಹೋಯಿತು.

"ಗಾಳಿ ಹೋಗೋ ದಾರಿ ಸರಿಮಾಡಿದೀವಿ ಸಾರ್," ಎಂದರು ಭಾವ.

ಗೋಡೆಯಾಚೆ ಟಪ್ ಎಂದಿತು, ಊಳು ನಿಂತಿತು. "ನೋಡಿ, ಈಗ ಇನ್ನೂ ನಿಶ್ಶಬ್ದ," ಎಂದರು ಯಜಮಾನರು. ಅತಿಥಿಗಳು ತಲೆದೂಗಿದರು. ಒಬ್ಬರು ಗೋಡೆಯ ಮುಂದೆ ನಿಂತು ಫೋಟೊವಿನ ಫೋಟೊ ತೆಗೆಸಿಕೊಂಡರು.

ಅವರನ್ನು ಕಾರಿನವರೆಗೆ ಬಿಡಲು ಯಜಮಾನರು ಹೊರಗೆ ಹೋಗುತ್ತಲೇ ಭಾವ ಹಿಂದಿನ ಕೋಣೆಗೆ ಓಡಿದರು. ನಾಲ್ಕನೆಯದು ತಾನೇ ಆರಿಕೊಂಡು ಜೀವ ಉಳಿಸಿಕೊಂಡಿತ್ತು. ಬೆಳಗಿನಿಂದ ಬೆಂದ ಚಿತ್ರವಷ್ಟೇ ಹೋಗಿತ್ತು. ಅವರು ಅದರ ಪಕ್ಕದ ಹಲಗೆ ಬಿಚ್ಚಿ, ಬಿಸಿ ಕಬ್ಬಿಣದ ಮೇಲೆ ಅಂಗೈಯಿಟ್ಟು ನಿಂತರು. ನಕಲಿ ಹಿಂದೆ ಬಂದು ನಿಂತ.

"ಭಾವ, ತಮಾಷೆಗೆ ಮಾಡಿದ್ದು. ಅವರು ಬರೋ ಮುಂಚೆ ತೆಗೀತಿದ್ದೆ."

ಭಾವ ತಿರುಗಲಿಲ್ಲ. "ಫೋನಲ್ಲಿ ಮಾತಾಡಿದ್ದೂ ನೀನೇನಾ?"

"ಹೂಂ."

"ಹಾಗಾದ್ರೆ ನಾನು ಸುಳ್ಳು ಹೇಳಿದ್ದು ನಿನಗೂ ಗೊತ್ತು," ಎಂದರು. ಬೆರಳಿನಿಂದ ಫ್ಯಾನಿನ ಧೂಳು ತೆಗೆಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ ನಕಲಿ ಹಾಲಿಗೆ ಬಂದು ಚಿತ್ರವನ್ನು ಸರಿಸಿದ. ಕೆಳಗಿನಿಂದ ನಿಜವಾದ ಪ್ಯಾನೆಲ್ಲು ಎದ್ದಿತು. ಮುಳ್ಳುಗಳು ನಡುಗುತ್ತಿದ್ದವು, ಎರಡು ಕೆಂಪಿಗೆ ತಾಗಿದ್ದವು, ನಾಲ್ಕನೆಯದು ಸೊನ್ನೆಗೆ ಬಿದ್ದಿತ್ತು. ಆಗಲೇ ಯಜಮಾನರು ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದರು.

"ಇದೇನಿದು? ಈಗ ಚೆನ್ನಾಗಿತ್ತಲ್ಲ."

ನಕಲಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ತಪ್ಪು ತನ್ನದು, ಭಾವನದಲ್ಲ ಎಂದು ಮೂರು ಸಲ ಹೇಳಿದ. ಅಷ್ಟರಲ್ಲಿ ಭಾವನೂ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದರು, ಕತ್ತರಿ ಮೇಡಂ ಬಾಗಿಲಿಗೆ ಬಂದಿದ್ದಳು. ಯಜಮಾನರು ಗೋಡೆಯನ್ನು ನೋಡಿದರು, ನಕಲಿಯನ್ನು ನೋಡಿದರು.

"ಅಂದ್ರೆ ಅವರು ಅಷ್ಟು ಹೊತ್ತು ಹೊಗಳಿದ್ದು ಬರೀ ಚಿತ್ರಾನಾ?"

"ಹೌದು ಸಾರ್."

"ಹಾಕು ಅದನ್ನೇ ವಾಪಸ್."

"ಸಾರ್?"

"ಹಾಕಪ್ಪ. ನಡುಗೋ ಮುಳ್ಳು ಯಾರಿಗೆ ಬೇಕು, ನೋಡಿದವರಿಗೆ ಎದೆ ಹೊಡ್ಕೊಳ್ಳತ್ತೆ." ಯಜಮಾನರು ಭಾವನ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ, ಕಷ್ಟದ ಲೆಕ್ಕವೊಂದು ಸುಲಭವಾಗಿ ಬಗೆಹರಿದವರ ನಿರಾಳವಿತ್ತು. "ಇಷ್ಟು ದಿನ ಯಾಕೆ ಹಿಂದೆಮುಂದೆ ನೋಡ್ತಿದ್ದೆ ಹೇಳಿ. ಗೋಡೆಗೆ ಹಾಕೋಕೆ ಏನಾದ್ರೂ ಬೇಕಲ್ಲ ಅಂತ. ಈಗ ಚಿತ್ರ ಇದೆ. ಬಿಸಿ ನೋಡೋದು ಹೊರಗಿನ ಕಂಪನಿ ನೋಡ್ಕೊಳ್ಳತ್ತೆ. ನೀವು ಬಿಡಿಸಿದ್ದು ಬಹಳ ಚೆನ್ನಾಗಿದೆ ಕಣ್ರೀ, ಅದರಲ್ಲಿ ಎರಡು ಮಾತಿಲ್ಲ. ಈ ತಿಂಗಳು ಮುಗಿಸಿಕೊಂಡು ಹೋಗಿ." ಆಮೇಲೆ ನಕಲಿಯ ಭುಜ ತಟ್ಟಿದರು. "ಗೋಡೆ ಇನ್ನು ನಿನ್ನ ಜವಾಬ್ದಾರಿ. ದಿನಾ ಒಂದೇ ಚಿತ್ರ ಬೇಡ, ಅನುಮಾನ ಬರತ್ತೆ. ಎರಡು ಮೂರು ಇಟ್ಕೊ. ಒಳ್ಳೆ ತಲೆ ಕಣಪ್ಪ ನಿಂದು."

ತಮ್ಮ ಮಾತು ತಮಗೇ ಹಿಡಿಸಿ ಯಜಮಾನರು ನಕ್ಕರು. ಸಂಬಳ ಕೊಡುವವರು ನಕ್ಕಾಗ ನಗಬೇಕಲ್ಲ, ಕತ್ತರಿ ಮೇಡಂ ಅರ್ಧ ತುಟಿ ನಕ್ಕಳು. ನಕಲಿಯ ಬಾಯಿಯೂ ಅಭ್ಯಾಸಬಲದಿಂದ ಅಗಲವಾಯಿತು, ದನಿ ಹೊರಡಲಿಲ್ಲ.

ಆಗ ಭಾವ ನಕ್ಕರು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಎದೆಯಿಂದ, ಆಮೇಲೆ ಮೇಜು ಹಿಡಿದುಕೊಂಡು ಬಗ್ಗಿ ನಕ್ಕರು. "ಚಿತ್ರ," ಎಂದರು, ಗೋಡೆ ತೋರಿಸಿ. ಮತ್ತೆ ನಕ್ಕರು. "ಒಂದೊಂದು ಮುಳ್ಳಿಗೆ ಒಂದೊಂದು..." ಎಂದು ಹೇಳಹೋಗಿ, ಹೇಳಲಾಗದೆ, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕರು. ಯಜಮಾನರ ನಗು ಯಾವಾಗಲೋ ನಿಂತಿತ್ತು. ಕತ್ತರಿ ಮೇಡಂ ಬಾಗಿಲು ಎಳೆದುಕೊಂಡಿದ್ದಳು. "ಭಾವ, ಸಾಕು," ಎಂದು ನಕಲಿ ಅವರ ತೋಳು ಹಿಡಿದ, ಆ ಮಾತು ಅವರ ಕಿವಿಗೆ ಬೀಳಲಿಲ್ಲ. ಹಿಂದಿನ ಕೋಣೆಯ ಫ್ಯಾನುಗಳೆಲ್ಲ ಒಟ್ಟಿಗೆ ಕೂಗಿದರೂ ಕೇಳದಷ್ಟು ಜೋರಾಗಿ ಅವರು ನಗುತ್ತಲೇ ಇದ್ದರು.