ಸರಪಳಿಯ ಆಚೆ ಎಂಟು ಹೆಜ್ಜೆ

ನಮ್ಮಕ್ಕ ಮತ್ತೆ ಬೀಳಬಾರದು. ನಾಲ್ಕು ತಿಂಗಳಿಂದ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಸೊಂಟಕ್ಕೆ ರಾಡು ಹಾಕಿದ ಡಾಕ್ಟರು ಅವಳನ್ನು ಮನೆಗೆ ಕಳಿಸುವ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಿದ್ರೆ ಹಾಸಿಗೆನೇ ಗತಿ, ಹುಷಾರಾಗಿ ನೋಡ್ಕೊಳ್ಳಿ" ಎಂದಿದ್ದರು. ನೋಡಿಕೊಳ್ಳುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಎಂಟು ಮಹಡಿಯ ಆಫೀಸು ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಲೀನಿಂಗಿನವರ ಮೇಲ್ವಿಚಾರಣೆ ನನ್ನದು. ಒದ್ದೆ ನೆಲಕ್ಕೆ ಹಳದಿ ಬೋರ್ಡು ಇಡದೆ ಯಾರಾದರೂ ಆಚೆ ಹೋದರೆ ಅವತ್ತು ಅವರ ಗ್ರಹಚಾರ ಬಿಡಿಸುತ್ತೇನೆ.

ಮನೆಗೂ ಅದೇ ಕಾನೂನು ತಂದೆ. ಕಾಲೊರಸು, ಚಾಪೆ, ಜಮಖಾನ ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿದೆ. ವೈರುಗಳನ್ನು ಗೋಡೆಗೆ ಒತ್ತಿ ಕ್ಲಿಪ್ಪು ಹೊಡೆಸಿದೆ. ಬ್ಲೀಚು ಒಂದು ಕಪಾಟಿಗೆ, ಬಚ್ಚಲು ತೊಳೆಯುವ ಆಸಿಡ್ಡು ಇನ್ನೊಂದಕ್ಕೆ ಹೋಯಿತು, ಯಾಕೆಂದರೆ ಅವೆರಡು ಸೇರಿದರೆ ಉಸಿರು ಕಟ್ಟಿಸುವ ಹೊಗೆ ಏಳುತ್ತದೆ. ಅಕ್ಕನ ಕೋಣೆಯಿಂದ ಮುಂಬಾಗಿಲವರೆಗಿನ ಉದ್ದನೆಯ ಹಾದಿಗೆ, ಗೋಡೆಯ ಉದ್ದಕ್ಕೂ, ಹಿಡಿದು ನಡೆಯಲು ಸ್ಟೀಲಿನ ಕಂಬಿ ಕೂರಿಸಿದೆ. ನಾನು ಕೆಲಸಕ್ಕೆ ಹೋದಾಗ ಅವಳೊಬ್ಬಳೇ ಇರುತ್ತಾಳಲ್ಲ, ಅದಕ್ಕೆ ಬಾಗಿಲಿಗೆ ಒಳಗಡೆ ಸರಪಳಿ ಹಾಕಿಸಿದೆ. ನಾನು ಹೊರಟ ಮೇಲೆ ಅವಳು ಅದನ್ನು ಸಿಕ್ಕಿಸಿಕೊಳ್ಳಲೇಬೇಕು.

ಇನ್ನು ಅವಳ ಚಪ್ಪಲಿ. ಹನ್ನೊಂದು ವರ್ಷದ ಹಳೆಯ ಮನೆಚಪ್ಪಲಿ, ಹಿಂದೆ ಪಟ್ಟಿಯಿಲ್ಲ, ಅಡಿ ಸವೆದು ಹಪ್ಪಳ. ಅವಳು ಮೊದಲ ಸಲ ಬಿದ್ದದ್ದು ಒಂದು ಭಾನುವಾರ, ನಾನು ಮನೆಯೆಲ್ಲ ಉಜ್ಜಿ ತೊಳೆದು ಹೊರಗೆ ಹೋಗಿದ್ದಾಗ, ಸ್ಟೀಲು ಬೀರುವಿನ ಮುಂದೆ, ಅದೇ ಚಪ್ಪಲಿಯಲ್ಲಿ. ಆಸ್ಪತ್ರೆಯಿಂದ ಬಂದ ದಿನವೇ ಅದನ್ನು ಕಸಕ್ಕೆ ಎಸೆದೆ. ಅವಳು ಒಂದು ಮಾತೂ ಆಡಲಿಲ್ಲ.

ಬೀದಿ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಯಜಮಾನರು ಒಬ್ಬರಿದ್ದಾರೆ. ಅವರ ಸಲಹೆ ಕೇಳಿಯೇ ಹೊಸ ಶೂ ತಂದದ್ದು. "ಶೂ ಸಾಯಂಕಾಲ ತಗೋಬೇಕು ಕಣಮ್ಮ, ಆಗ ಕಾಲು ಊದಿರುತ್ತೆ, ಅಳತೆ ಸುಳ್ಳು ಹೇಳಲ್ಲ. ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಬಿಡಿ. ಹಿಮ್ಮಡಿ ಗಟ್ಟಿ ಹಿಡ್ಕೊಂಡಿರಬೇಕು, ಅಡಿಗೆ ಹಲ್ಲು ಇರಬೇಕು. ಉಳಿದದ್ದೆಲ್ಲ ಷೋಕಿ" ಎಂದರು. ಹಾಗೇ ತಂದೆ. ಅಕ್ಕ ಹಾಕಿಕೊಂಡಳು, ಆದರೆ ಮುಖ ಮಾತ್ರ ಹರಳೆಣ್ಣೆ ಕುಡಿದವರ ಥರ.

ಅವತ್ತು ಬೆಳಿಗ್ಗೆ ಅದೇ ಜಗಳ. ಮೂವತ್ತೈದು ವರ್ಷ ಹೊಲಿಗೆ ಮೆಷಿನ್ ತುಳಿದು ನನ್ನನ್ನು ಸಾಕಿದವಳು, ಈಗ ಕಂಬಿ ಬಿಟ್ಟು ನಾಲ್ಕು ಹೆಜ್ಜೆ ನಡೆಯುತ್ತೇನೆ ಎಂದು ಹಟ ಹಿಡಿದಳು.

"ಕಂಬಿ ಬಿಟ್ಟರೆ ಜೋಕೆ" ಎಂದೆ.

"ನನ್ನನ್ನ ಗಾಜಿನ ಬೊಂಬೆ ಮಾಡಿಟ್ಟಿದೀಯ ಕಣೇ ಪುಟ್ಟಿ. ನೀನು ಹೇಳಿದ್ದೆಲ್ಲ ಕೇಳಿ ಕೇಳಿ ಸಾಕಾಗಿದೆ. ತಪ್ಪೆಲ್ಲ ನಂದು, ನನ್ನ ಚಪ್ಪಲಿದು. ನಿನ್ನದೊಂದಾದರೂ ಇದೆಯಾ?"

"ಇಲ್ಲ" ಎಂದೆ. ಐವತ್ತನಾಲ್ಕು ವರ್ಷದಲ್ಲಿ ನಾನು ತಪ್ಪೊಪ್ಪಿಕೊಂಡದ್ದು ನನಗಂತೂ ನೆನಪಿಲ್ಲ.

ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ನನಗೆ ಸಿಟ್ಟು ಬಂದರೆ ಕೈ ಸುಮ್ಮನಿರುವುದಿಲ್ಲ. ಕಂಬಿಯ ಮೇಲೆ ಬೆರಳಿನ ಕಲೆ ಕಂಡಿತು. ಆಫೀಸಿನಲ್ಲಿ ಲಿಫ್ಟಿನ ಬಾಗಿಲಿಗೆ ಹೊಡೆಯುವ ಪಾಲಿಷಿನ ಡಬ್ಬಿ ಮನೆಯಲ್ಲೂ ಒಂದಿತ್ತು. ಅದನ್ನು ಅಲುಗಿಸಿ ಈ ತುದಿಯಿಂದ ಆ ತುದಿಗೆ ಹೊಡೆದೆ. ಮನೆಯೆಲ್ಲ ನಿಂಬೆಯ ವಾಸನೆ. ಒರೆಸಬೇಕು ಎನ್ನುವಷ್ಟರಲ್ಲಿ ಆಫೀಸಿನಿಂದ ಫೋನು ಬಂತು, ಐದನೇ ಮಹಡಿಯಲ್ಲಿ ನಲ್ಲಿ ಒಡೆದಿದೆಯಂತೆ. ಸರಪಳಿ ಹಾಕಿಕೋ ಎಂದು ಕೂಗಿ ಓಡಿದೆ. ಹಿಂದೆ ಅವಳು ಬಂದು ಸಿಕ್ಕಿಸಿಕೊಂಡ ಸದ್ದು ಮೆಟ್ಟಿಲಿಳಿಯುವಾಗ ಕೇಳಿತು.

ಹನ್ನೊಂದು ಗಂಟೆಗೆ ಎರಡನೇ ಮಹಡಿಯಲ್ಲಿ ನಮ್ಮ ಪಾಲಿಷಿನವರು ಲಿಫ್ಟಿಗೆ ಡಬ್ಬಿ ಹಿಡಿದು ನಿಂತಿದ್ದರು. ಕೆಳಗೆ ಬಟ್ಟೆ ಹಾಸಿರಲಿಲ್ಲ. ನಾನು ಹೋಗಿ ತರಾಟೆಗೆ ತೆಗೆದುಕೊಂಡೆ. "ಅದರಲ್ಲಿ ಇರೋದು ಎಣ್ಣೆ ಕಣ್ರೀ. ಸ್ಟೀಲಿಗೆ ಹೊಡೆದದ್ದು ಅರ್ಧ ನೆಲಕ್ಕೆ ಇಳಿಯುತ್ತೆ. ಕಣ್ಣಿಗೆ ಕಾಣಲ್ಲ, ಕಾಲಿಟ್ಟವರು ಮಾತ್ರ..."

ಮಾತು ಅಲ್ಲೇ ನಿಂತಿತು. ಕಂಬಿಯ ಉದ್ದಕ್ಕೂ ಎಣ್ಣೆ, ಕಂಬಿಯ ಕೆಳಗೆ ಎಣ್ಣೆ, ಕಂಬಿ ಬಿಟ್ಟರೆ ಜೋಕೆ ಎಂದು ನಾನೇ ಹೇಳಿ ಬಂದಿದ್ದೇನೆ. ಬೆಳಿಗ್ಗೆ ಅವಳು ಸರಪಳಿ ಹಾಕಲು ಬಂದಾಗ ಎಣ್ಣೆ ಇನ್ನೂ ಕಂಬಿಯಲ್ಲೇ ಇತ್ತು, ಇಷ್ಟು ಹೊತ್ತಿಗೆ ನೆಲಕ್ಕೆ ಇಳಿದಿರುತ್ತದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಫೋನು ಮಾಡಿದೆ. ಎರಡು ಸಲ ರಿಂಗಾದ ಮೇಲೆ ನೆನಪಾಯಿತು, ಅವಳ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗಿದೆ. ಅದನ್ನು ಎತ್ತಲು ಅವಳು ಕಂಬಿ ಹಿಡಿದೇ ನಡೆಯಬೇಕು. ತಟ್ಟನೆ ಕಟ್ ಮಾಡಿದೆ. ದೇವರೇ, ಅವಳ ಸಿಟ್ಟು ಇನ್ನೂ ಇಳಿಯದೆ ಇರಲಿ, ಫೋನು ಎತ್ತಲು ಏಳದೆ ಇರಲಿ ಎಂದು ಬೇಡಿಕೊಂಡೆ.

ಬಸ್ಸು ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ಕೊನೆಯ ಸ್ಟಾಪಿನಿಂದ ಓಡಿದೆ. ಮೂರು ಮಹಡಿ ಹತ್ತಿ ಬೀಗದ ಕೈ ತಿರುಗಿಸಿದಾಗ ಬಾಗಿಲು ಎರಡು ಬೆರಳಷ್ಟು ತೆರೆದು ಸರಪಳಿಗೆ ಸಿಕ್ಕಿ ನಿಂತಿತು. ಸಂದಿಯಲ್ಲಿ ಕಣ್ಣಿಟ್ಟೆ. ಹಾದಿ ಖಾಲಿ. ಉಸಿರು ಬಂತು.

ಅಷ್ಟರಲ್ಲಿ ಸರಪಳಿಯ ಸದ್ದಿಗೆ ಕೋಣೆಯ ಬಾಗಿಲು ತೆರೆಯಿತು. ಅಕ್ಕ ಹೊರಗೆ ಬಂದಳು.

"ಬರಬೇಡ ಅಕ್ಕ. ಅಲ್ಲೇ ನಿಲ್ಲು."

"ಬರಬೇಡ ಅಂದ್ರೆ ಬಾಗಿಲು ಯಾರು ತೆಗೀತಾರೆ, ನಿನ್ನ ಆಫೀಸಿನವರಾ?" ಕಂಬಿ ಹಿಡಿದಳು. ಒಂದು ಹೆಜ್ಜೆ. ಎರಡು.

"ಅಕ್ಕ, ನಿಲ್ಲು ಅಂದೆ."

"ಬೆಳಿಗ್ಗೆ ಕಂಬಿ ಹಿಡಿ ಅಂದೆ, ಹಿಡಿದಿದೀನಿ. ಈಗ ಬೇರೆ ಕಾನೂನಾ?"

ಮೂರನೇ ಹೆಜ್ಜೆಗೆ ಎಡಗಾಲು ಮುಂದಕ್ಕೆ ಜಾರಿತು. ಎರಡೂ ಕೈಯಲ್ಲಿ ಕಂಬಿಗೆ ಜೋತುಬಿದ್ದಳು. ಕೈ ಕೂಡ ಕಂಬಿಯ ಮೇಲೆ ಜಾರುತ್ತಿರುವುದು ನನಗೆ ಸಂದಿಯಿಂದ ಕಾಣುತ್ತಿತ್ತು. ಹೇಗೋ ಕಾಲು ಹಿಂದಕ್ಕೆ ಎಳೆದು ನಿಂತಳು. ಆಪರೇಷನ್ ಆದ ಕಾಲು ನಡುಗುತ್ತಿತ್ತು. ಹಾಗೆ ಅವಳು ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರಳು, ನನಗೆ ಗೊತ್ತು. ಬಾಗಿಲು ಒಡೆಯುವವರನ್ನು ಕರೆತರಲು ಐದು ನಿಮಿಷ ಸಾಲದು.

"ಏನಾಯ್ತೇ ಇದು?" ಅವಳ ದನಿ ಸಣ್ಣಗಾಗಿತ್ತು.

"ನನ್ನ ತಪ್ಪು ಅಕ್ಕ. ಕಂಬಿಗೆ ಪಾಲಿಷ್ ಹೊಡೆದು ಒರೆಸದೆ ಹೋದೆ. ಗೋಡೆ ಪಕ್ಕ ಪೂರ್ತಿ ಎಣ್ಣೆ. ನಂದೇ ತಪ್ಪು."

ಅವಳು ತಲೆಯೆತ್ತಿ ಸಂದಿಯತ್ತ ನೋಡಿದಳು.

"ಈಗ ಏನು ಮಾಡ್ಲಿ, ಹೇಳು."

"ಕಂಬಿ ಬಿಟ್ಟು ನಡುವೆ ಬರಬೇಕು. ನಡುವೆ ನೆಲ ಚೆನ್ನಾಗಿದೆ." ನಾಲ್ಕು ತಿಂಗಳಲ್ಲಿ ಅವಳು ಏನನ್ನೂ ಹಿಡಿಯದೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಇಡಲು ನಾನು ಬಿಟ್ಟಿರಲಿಲ್ಲ.

"ಶೂ ಅಡಿಗೆ ಎಣ್ಣೆ ಹತ್ತಿದೆಯಲ್ಲ?"

ಅದು ನನಗೆ ಹೊಳೆದೇ ಇರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಒಂದು ಕೈಯಿಂದ ಹೆಗಲಿನ ಶಾಲು ಎಳೆದು ಬಲಗಾಲಿನ ಆಚೆ, ನಡುನೆಲಕ್ಕೆ ಬೀಳಿಸಿದಳು. ಬಲಗಾಲನ್ನು ಮೆಲ್ಲಗೆ ಅದರ ಮೇಲಿಟ್ಟು ಒತ್ತಿ ಒರೆಸಿದಳು, ಆಮೇಲೆ ಅದನ್ನು ಬರಿಯ ನೆಲಕ್ಕಿಟ್ಟು ಭಾರ ಹಾಕಿದಳು. ಎಡಗಾಲಿಗೂ ಹಾಗೇ. ಹೊಲಿಗೆ ಹಾಕುವಾಗಲೂ ಅವಳು ಹೀಗೇ, ಒಂದೊಂದೇ ಟಾಕು. ಕೊನೆಗೆ ಕಂಬಿಯಿಂದ ಕೈ ತೆಗೆದಳು.

"ಎಷ್ಟು ಹೆಜ್ಜೆ ಇದೆ?"

"ಎಂಟು."

"ಎಣಿಸು. ಬೇರೇನೂ ಹೇಳಬೇಡ."

ಎಣಿಸಿದೆ. ನಾಲ್ಕಕ್ಕೆ ಅವಳು ವಾಲಿದಳು, ಕೈ ತಾನಾಗಿ ಕಂಬಿಯತ್ತ ಹೋಯಿತು, ಮುಟ್ಟುವ ಮುಂಚೆ ವಾಪಸು ಬಂತು. ನಾನು ತುಟಿ ಕಚ್ಚಿಕೊಂಡು ಐದು ಎಂದೆ. ಎಂಟಕ್ಕೆ ಅವಳ ಬೆವತ ಮುಖ ಸಂದಿಯ ಆಚೆ ಇತ್ತು.

"ಬಾಗಿಲು ಮುಚ್ಚು" ಎಂದಳು.

ನಿಜ. ಬಾಗಿಲು ಮುಚ್ಚದೆ ಆ ಸರಪಳಿ ಬಿಚ್ಚುವುದಿಲ್ಲ. ಸಂದಿಯಲ್ಲಿ ತೂರಿದ್ದ ನನ್ನ ಬೆರಳುಗಳನ್ನು ತೆಗೆದು, ಅವಳ ಮುಖದ ಮೇಲೆ ನಾನೇ ಬಾಗಿಲು ಎಳೆದುಕೊಂಡೆ. ಒಳಗೆ ಎಣ್ಣೆಗೈಯಲ್ಲಿ ಸರಪಳಿ ತಡಕಾಡುವ ಸದ್ದು. ಒಮ್ಮೆ ಜಾರಿತು. ಮತ್ತೊಮ್ಮೆ. ಆಮೇಲೆ ಸದ್ದೇ ಇಲ್ಲ. ಬಿದ್ದಳೇನೋ ಎಂದು ಬಾಗಿಲಿಗೆ ಕಿವಿಯಿಟ್ಟೆ, ಅವಳ ಏದುಸಿರು ಕೇಳಿತು. ಕೊನೆಗೆ ಸರಪಳಿ ಕಳಚಿ ಬಿತ್ತು.

ಒಳಗೆ ಹೋಗಿ ಅವಳನ್ನು ತಬ್ಬಿ ಹಿಡಿದೆ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಅವಳು ನನ್ನ ಬೆನ್ನು ಸವರಿದಳು, ನನ್ನ ಯೂನಿಫಾರ್ಮಿಗೆಲ್ಲ ನಿಂಬೆಯ ವಾಸನೆಯ ಎಣ್ಣೆ.

ಕುರ್ಚಿ ತಂದು ಅವಳನ್ನು ಕೂರಿಸಿ, ಬಕೆಟ್ಟಿಗೆ ಬಿಸಿನೀರು, ಸೋಪು ಹಾಕಿಕೊಂಡು ಬಂದು ಮಂಡಿಯೂರಿದೆ. ಕಂಬಿ ಮೊದಲು, ಆಮೇಲೆ ನೆಲ, ಎರಡೆರಡು ಸಲ. ಅವಳು ನೋಡುತ್ತಾ ಕೂತಿದ್ದಳು.

"ಪುಟ್ಟಿ, ಆ ಭಾನುವಾರ ಬೀರುಗೂ ಇದನ್ನೇ ಹೊಡೆದಿದ್ದೆ ಅಲ್ವಾ?"

ನನ್ನ ಕೈ ನಿಂತಿತು.

"ಬಿದ್ದಾಗ ಕೆನ್ನೆ ನೆಲಕ್ಕಿತ್ತು. ನೀನು ಬರೋವರೆಗೂ ಇದೇ ನಿಂಬೆ ವಾಸನೆ."

"ಯಾಕೆ ಹೇಳಲಿಲ್ಲ ಅಕ್ಕ? ನಾನು ನಿನ್ನ ಚಪ್ಪಲಿ ಎಸೆದಾಗಲೂ..."

"ಹೇಳಿದ್ದರೆ ನೀನು ತಡ್ಕೋತಿದ್ಯಾ? ಆಸ್ಪತ್ರೇಲಿ ನಿನ್ನ ಮುಖ ನಾನು ನೋಡಿದೀನಿ ಕಣೇ. ಚಪ್ಪಲಿ ಹೋದರೆ ಹೋಗಲಿ ಅಂದ್ಕೊಂಡೆ."

ಬಟ್ಟೆ ಹಿಂಡಿ ಮತ್ತೆ ನೆಲ ಒರೆಸತೊಡಗಿದೆ, ಕಣ್ಣೀರು ಅದೇ ನೆಲಕ್ಕೆ ಬೀಳುತ್ತಿತ್ತು. ಅಕ್ಕ ಕುರ್ಚಿಯಿಂದಲೇ ಶೂ ತುದಿ ಚಾಚಿ ಗೋಡೆಯ ಮೂಲೆ ತೋರಿಸಿದಳು.

"ಅಲ್ಲೊಂಚೂರು ಬಿಟ್ಟಿದೀಯ ನೋಡು" ಎಂದಳು.